ಮದ್ದಿನ ಮುದ್ದಯ್ಯನ ಹಸುಬೆ

ಯಾವ ಕಾಲವೋ ಏನೋ, ನಮ್ಮಜ್ಜಿಯ ಅಜ್ಜಿಗೂ ಗೊತ್ತಿಲ್ಲ, ಏಳು ಗುಡ್ಡಗಳ ಸೆರಗಿನಲ್ಲಿ ಒಂದೂರಿತ್ತಂತೆ. ಆ ಊರಲ್ಲಿ ಮದ್ದಿನ ಮುದ್ದಯ್ಯ ಅಂತ ಒಬ್ಬ ಇದ್ದನಂತೆ. ದೊಡ್ಡೋರು ಆಯುರ್ವೇದ ಅಂತ ಕರೆಯೋದನ್ನ ಅವನು ಬರೀ ಮದ್ದಿನ ಕೆಲಸ ಅಂತಿದ್ದ.

ಅವನ ಹೆಗಲ ಮೇಲೆ ಯಾವಾಗಲೂ ಒಂದು ಹಸುಬೆ ಚೀಲ. ಹಸುಬೆ ಅಂದರೆ ಗೊತ್ತಲ್ಲ? ಉದ್ದನೆಯ ಒಂದೇ ಚೀಲ, ಎದೆ ಕಡೆಗೊಂದು ಹೊಟ್ಟೆ, ಬೆನ್ನ ಕಡೆಗೊಂದು ಹೊಟ್ಟೆ. ಮುಂದಿನ ಹೊಟ್ಟೆಯಲ್ಲಿ ಬೇರು, ಸೊಪ್ಪು, ತೊಗಟೆ. ಹಿಂದಿನ ಹೊಟ್ಟೆಯಲ್ಲಿ ಕತ್ತಿ, ಚಿಮಟ, ಗಾಯ ಹೊಲಿಯೋ ಸೂಜಿ. ಯಾರಾದರೂ ನರಳಿಕೊಂಡು ಬಂದರೆ ಮುದ್ದಯ್ಯ ಮೊದಲು ಚೀಲಕ್ಕೆ ಕೈ ಹಾಕ್ತಿರಲಿಲ್ಲ. ಏನು ಉಂಡೆ, ಎಷ್ಟು ಮಲಗಿದೆ, ಯಾರ ಮೇಲೆ ಸಿಟ್ಟಾದೆ ಅಂತ ಕೇಳ್ತಿದ್ದ.

"ಮೈಯೊಳಗೆ ವಾತ, ಪಿತ್ತ, ಕಫ ಅಂತ ಮೂರವೆ ಕಣಪ್ಪ, ಒಲೆಯ ಮೂರು ಗುಂಡು ಇದ್ದಂಗೆ. ಒಂದು ಜರುಗಿದರೂ ಮಡಕೆ ವಾಲ್ತದೆ" ಅನ್ನೋನು.

ಕೆಲವರಿಗೆ ಗಂಜಿ ಕುಡಿದು ಮಲಕ್ಕೋ ಅನ್ನೋದೇ ಅವನ ಮದ್ದು. ಕೆಲವರಿಗೆ ಕಷಾಯ. ಕೀವು ಕಟ್ಟಿದವರಿಗೆ ಮೊದಲು ಕತ್ತಿ, ಆಮೇಲೆ ಸೊಪ್ಪು.

ಮುದ್ದಯ್ಯನಿಗೆ ಇಬ್ಬರು ಮಕ್ಕಳು. ಮಗ ಕರಿಸಿದ್ದನಿಗೆ ಕಬ್ಬಿಣದ ಕೆಲಸ, ಅಂದರೆ ಗಾಯ ಕೊಯ್ಯೋದು ಹೊಲಿಯೋದು, ಕಲಿಸಿದ. ಮಗಳು ಪುಟ್ಟೀರಮ್ಮನಿಗೆ ಗಿಡದ ಕೆಲಸ ಕಲಿಸಿದ. ಮಗಳಿಗೆ ಒಂದು ಮಾತು ಮಾತ್ರ ಒತ್ತಿ ಒತ್ತಿ ಹೇಳ್ತಿದ್ದನಂತೆ.

"ಕೀಳೋ ಮುಂಚೆ ಬುಡಕ್ಕೆ ಚಿಟಿಕೆ ಅರಿಶಿನದಕ್ಕಿ ಇಡು ಮಗಾ. ಯಾರಿಗೆ ಏನಾಗದೆ ಅಂತ ಹೇಳು. 'ಬತ್ತೀಯೇನವ್ವ' ಅಂತ ಕೇಳು. ಕೇಳಿದ ಮೇಲೆ ಕೂತ್ಕೋ."

ವಯಸ್ಸಾಗಿ ಮುದ್ದಯ್ಯ ಕಣ್ಣು ಮುಚ್ಚಿದ. ಸ್ವಲ್ಪ ದಿನಕ್ಕೇ ಊರ ಪಟೇಲ ಮರದಿಂದ ಬಿದ್ದು ತೊಡೆ ಸೀಳಿಕೊಂಡ. ಅಣ್ಣ ಹೊಲಿದ, ತಂಗಿ ಸೊಪ್ಪು ಅರೆದು ಕಟ್ಟಿದಳು, ಪಟೇಲ ಎದ್ದು ಓಡಾಡಿದ. ಆದರೆ ಆ ಪುಣ್ಯಾತ್ಮ ಬಂದು ಕೈ ಮುಗಿದದ್ದು ಕರಿಸಿದ್ದನಿಗೆ ಮಾತ್ರ. ಅಷ್ಟೇ ಸಾಕಾಯ್ತು ನೋಡಿ. ನಾನು ಹೊಲಿದಿದ್ದಕ್ಕೆ ಬದುಕಿದ ಅಂತ ಅವನು, ನಾನು ಕಟ್ಟಿದ್ದಕ್ಕೆ ಬದುಕಿದ ಅಂತ ಇವಳು. ಮಾತು ಬೆಳೆದು ಬೆಳೆದು, ಅಪ್ಪನ ಹಸುಬೆಯನ್ನ ನಡುವಿಗೆ ಸರಿಯಾಗಿ ಕತ್ತರಿಸಿ ಆಳಿಗೊಂದು ತಗೊಂಡರಂತೆ. ಪುಟ್ಟೀರಮ್ಮ ಹೊಳೆಯಾಚೆ ಗಂಡನ ಮನೆಗೆ ಹೋದವಳು ತಿರುಗಿ ನೋಡಲಿಲ್ಲ. ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ಕಳಿಸಲಿಲ್ಲ, ತಂಗಿ ಕಾಯಲಿಲ್ಲ. ಅಂದರೆ, ಕಾಯಲಿಲ್ಲ ಅಂತ ಹೇಳ್ತಿದ್ದಳು.

ಅರ್ಧ ಹಸುಬೆ ಹೆಗಲ ಮೇಲೆ ನಿಲ್ಲುತ್ತಾ? ಜಾರ್ತಿತ್ತು. ಅವಳು ಅದನ್ನ ಕಂಕುಳಲ್ಲಿ ಅವುಚಿಕೊಂಡೇ ಗುಡ್ಡ ಸುತ್ತುತ್ತಿದ್ದಳು. ಆ ಸೀಮೆಗೆಲ್ಲ ಹೆಸರಾದಳು. ಬೆಳಗಾದರೆ ಬಾಗಿಲಲ್ಲಿ ಜನ. ಹೊತ್ತೆಲ್ಲಿದೆ ಅವಳಿಗೆ? ಅಕ್ಕಿ ಇಡ್ತಿದ್ದಳು, ಬತ್ತೀಯೇನವ್ವ ಅಂತಿದ್ದಳು, ಅನ್ನುವಾಗಲೇ ಕೈ ಸೊಪ್ಪಿನ ಮೇಲಿರ್ತಿತ್ತು.

ಅವಳಿಗೊಬ್ಬಳೇ ಮಗಳು, ಕೆಂಪಿ. ಕುಂಟೆಬಿಲ್ಲೆ ಆಡೋದರಲ್ಲಿ ಊರ ಮಕ್ಕಳೆಲ್ಲ ಅವಳ ಮುಂದೆ ಸೋಲಬೇಕು. ಆ ಕೆಂಪಿ ಒಂದು ದಿನ ಬಿದಿರ ಮೆಳೆಯ ಹತ್ತಿರ ಓಡುವಾಗ ಹಿಮ್ಮಡಿಗೆ ಬಿದಿರ ಸಿಬಿರು ಹೊಕ್ಕಿತು. ತಾಯಿ ಎಳೆದು ತೆಗೆದಳು, ಬೇವು ಅರಿಶಿನ ಅರೆದು ಹಚ್ಚಿದಳು, ಆಯಿತು ಅಂದುಕೊಂಡಳು.

ಆಗಲಿಲ್ಲ. ಹಿಮ್ಮಡಿ ಊದಿತು, ಮೀನಖಂಡ ಊದಿತು, ಮಂಡಿಯವರೆಗೆ ಕೆಂಪಗಾಯಿತು. ಪುಟ್ಟೀರಮ್ಮ ಲಕ್ಕಿ ಸೊಪ್ಪಿನ ಶಾಖ ಕೊಟ್ಟಳು, ಊತ ಇಳಿದು ಮತ್ತೆ ಏರಿತು. ಅಮೃತಬಳ್ಳಿ ಕಷಾಯ ಕುಡಿಸಿದಳು, ಜ್ವರ ಬಿಟ್ಟು ಮತ್ತೆ ಬಂತು. ಊರಿಗೆಲ್ಲ ಮದ್ದು ಕೊಡೋ ತಾಯಿ ಮಗಳ ಕಾಲ ಬುಡದಲ್ಲಿ ಕೂತು ಊತ ಸವರುತ್ತಾ ರಾತ್ರಿಗಳನ್ನ ಕಳೆದಳಂತೆ. ಗಂಡ ಗಾಡಿ ಹೊಡೆದುಕೊಂಡು ಪರಸ್ಥಳಕ್ಕೆ ಹೋಗಿದ್ದ. ಕೆಂಪಿ ಕಣ್ಣು ಬಿಡೋದೂ ಕಡಿಮೆಯಾಯಿತು. ಕಾಲು ಹೋದರೆ ಹೋಗಲಿ, ಜೀವ ಉಳಿದರೆ ಸಾಕು ಅನ್ನೋ ಹಂತಕ್ಕೆ ಬಂತು.

ಬೆಳಕು ಹರಿಯೋ ಹೊತ್ತಿಗೆ ಮಗಳನ್ನ ಪಕ್ಕದ ಮನೆಯವರ ಕೈಗಿಟ್ಟು ಗುಡ್ಡಕ್ಕೆ ಓಡಿದಳು. ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿಯ ಬುಡಕ್ಕೆ ಅಕ್ಕಿ ಇಟ್ಟಳು.

"ನನ್ನ ಕೆಂಪಿಗೆ ಜ್ವರ ಬಿಡ್ತಿಲ್ಲ. ಬತ್ತೀಯೇನವ್ವ?"

ಕೀಳೋಕೆ ಹೋದಳು, ಕೈ ಏಳಲಿಲ್ಲ. ಅಷ್ಟು ಸೋತಿದ್ದಳು. ಹಾಗೇ ಕುಸಿದು ಕೂತಳು. ಕೂತೇ ಇದ್ದಳು.

ಆಗ ನೋಡಿ, ಗಾಳಿ ನಿಂತಿತಂತೆ. ಹಕ್ಕಿಗಳು ಸುಮ್ಮನಾದವಂತೆ. ಗಾಳಿ ಇಲ್ಲ, ಆದರೂ ಬಳ್ಳಿಯ ಎಲೆಗಳೆಲ್ಲ ಒಂದೊಂದಾಗಿ ಅವಳ ಕಡೆ ತಿರುಗಿದವಂತೆ. ಗುಡ್ಡದ ಮೇಲಿನ ಒಂದೊಂದು ಗಿಡವೂ, ಕಾಲಡಿಯ ತುಂಬೆಯಿಂದ ತಲೆ ಮೇಲಿನ ಬೇವಿನವರೆಗೆ, ಅವಳನ್ನೇ ನೋಡ್ತಿದ್ದವು. ಅವಳು ಇಷ್ಟು ವರ್ಷ ಓಡಾಡಿದ ಗುಡ್ಡ, ಇವತ್ತೇ ಮೊದಲು ಅದರೊಳಗೆ ಕಾಲಿಟ್ಟಂಗಾಯ್ತು.

"ಅಂತೂ ಕೂತೆಯಲ್ಲ ಮಗಳೇ" ಅಂದಿತು ಬಳ್ಳಿ. ಮುದುಕಿಯ ದನಿ, ಅಕ್ಕರೆಯ ದನಿ. "ದಿನಾ ಕೇಳ್ತೀಯೆ, ಒಂದು ದಿನಕ್ಕೂ ಉತ್ತರಕ್ಕೆ ನಿಲ್ಲಲಿಲ್ಲ."

ಪುಟ್ಟೀರಮ್ಮ ನೆಲಕ್ಕೆ ಹಣೆ ಹಚ್ಚಿದಳು. "ತಪ್ಪಾಯ್ತು ತಾಯಿ. ನನ್ನ ಮಗಳಿಗೆ ಯಾಕೆ ವಾಸಿ ಆಗ್ತಿಲ್ಲ?"

"ಜ್ವರ ನಾನು ಇಳಿಸ್ತೀನಿ, ಅದು ಮತ್ತೆ ಏರ್ತದೆ" ಅಂದಿತು ಬಳ್ಳಿ.

"ಕೀವು ನಾನು ತೊಳೀತೀನಿ, ಅದು ಮತ್ತೆ ತುಂಬ್ತದೆ" ಅಂದಿತು ಬೇವು.

"ಊತ ನಾನು ಇಳಿಸ್ತೀನಿ, ಅದು ಮತ್ತೆ ಬತ್ತದೆ" ಅಂದಿತು ಲಕ್ಕಿ.

"ಯಾಕೆ ತಾಯಂದಿರಾ, ಯಾಕೆ?"

ಗುಡ್ಡವೆಲ್ಲ ಒಂದೇ ಉಸಿರಲ್ಲಿ ಹೇಳಿತಂತೆ. "ನಮ್ಮೋನೊಬ್ಬ ಒಳಗೆ ಸಿಕ್ಕೊಂಡವ್ನೆ. ಬಿದಿರಣ್ಣನ ಮೊನೆ ಮುರಿದು ಅಲ್ಲೇ ಉಳಿದದೆ. ಗಿಡ ಗಿಡವನ್ನ ಅಟ್ಟಲ್ಲ ಮಗಳೇ. ಅವನನ್ನ ಈಚೆಗೆ ತರೋದು ಕಬ್ಬಿಣದ ಕೆಲಸ. ಮೊದಲು ಅದಾಗಲಿ. ಆಮೇಲೆ ಕರಿ, ನಾವೆಲ್ಲ ಬತ್ತೀವಿ."

ಆ ಸೀಮೆಯಲ್ಲಿ ಕಬ್ಬಿಣದ ಕೆಲಸದವನು ಯಾರು? ಒಬ್ಬನೇ. ಯಾರ ಹೊಸ್ತಿಲು ತುಳಿಯಲ್ಲ ಅಂತ ಆಣೆ ಇಟ್ಟಿದ್ದಳೋ ಅವನೇ. ಪುಟ್ಟೀರಮ್ಮ ಆ ಆಣೆಯನ್ನ ಗುಡ್ಡದ ಮೇಲೇ ಬಿಟ್ಟು ಇಳಿದಳು. ಮಗಳನ್ನ ಬೆನ್ನಿಗೆ ಕಟ್ಟಿಕೊಂಡು, ಅರ್ಧ ಹಸುಬೆ ಕಂಕುಳಲ್ಲಿಟ್ಟು, ಎದೆಮಟ್ಟ ನೀರಿನ ಹೊಳೆ ದಾಟಿದಳು.

ಅಣ್ಣನ ಅಂಗಳಕ್ಕೆ ಬಂದಳು. ಕತ್ತಿ ಸೂಜಿ ಬಡಿಯೋ ಕುಲುಮೆಯ ಬೂದಿ, ಕಬ್ಬಿಣದ ಪುಡಿ ಬಿದ್ದು ಬಿದ್ದು ನೆಲ ಕರ್ರಗಾಗಿತ್ತು. ಒಂದು ಗರಿಕೆ ಹುಲ್ಲೂ ಇರಲಿಲ್ಲ. ಜಗಲಿ ಮೇಲೆ ಕರಿಸಿದ್ದ ಸುಮ್ಮನೆ ಕೂತಿದ್ದ. ತಲೆ ನರೆತಿತ್ತು.

"ಹೊಳೆ ದಾಟಕ್ಕೆ ದಾರಿ ಗೊತ್ತಾಯ್ತಾ?" ಅಂದ.

"ಬೈಯೋದು ಆಮೇಲೆ ಬೈಯಣ್ಣ. ಮೊದಲು ಮಗಾ ನೋಡು."

ಕರಿಸಿದ್ದ ಸೋದರಸೊಸೆಯ ಹಿಮ್ಮಡಿ ಮುಟ್ಟಿ ನೋಡಿದ, ಒತ್ತಿ ನೋಡಿದ. "ಒಳಗೈತೆ. ಕೊಯ್ದೇ ತೆಗೀಬೇಕು" ಅಂದ. ಅಂದವನು ಕೈ ಹಿಂದಕ್ಕೆ ಎಳೆದುಕೊಂಡ. "ನಾನು ಕೊಯ್ಯಕ್ಕಿಲ್ಲ ಪುಟ್ಟೀ. ನೀನು ಹೋದ ಮೇಲೆ ನಾನು ಕೊಯ್ದ ಗಾಯ ನೆಟ್ಟಗೆ ಮಾಯಲಿಲ್ಲ. ಜನ ಬರೋದು ಬಿಟ್ಟರು. ಕತ್ತಿ ತುಕ್ಕು ಹಿಡಿದದೆ. ಇವಳಿಗೆ ಏನಾರ ಆದರೆ ನಾನು ಬದುಕಿರಲ್ಲ."

ಇಷ್ಟು ವರ್ಷ ಅಣ್ಣ ಮೆರೀತಿದ್ದಾನೆ ಅಂದುಕೊಂಡಿದ್ದವಳಿಗೆ ಅಳು ಬಂತು. ಅವನ ಕೈ ಹಿಡಿದುಕೊಂಡಳು.

"ಕೊಯ್ಯಣ್ಣ. ಆಮೇಲಿಂದು ಗುಡ್ಡದ ಕೆಲಸ. ಕೇಳ್ಕೊಂಡು ಬಂದಿವ್ನಿ. ಬತ್ತೀವಿ ಅಂದವೆ."

ಕರಿಸಿದ್ದ ಅವಳ ಮುಖ ನೋಡಿದ. ಕತ್ತಿಯ ತುಕ್ಕು ಉಜ್ಜಿದ, ಸಾಣೆ ಹಿಡಿದ, ಕೆಂಡದಲ್ಲಿ ಕೆಂಪಗೆ ಕಾಸಿ ಆರಿಸಿದ. ನೀರು ಕುದಿಸಿದ. ತಂಗಿ ಮಗಳ ತಲೆಯನ್ನ ತೊಡೆ ಮೇಲಿಟ್ಟುಕೊಂಡಳು. "ಮಾವಾ!" ಅಂತ ಕೆಂಪಿ ಒಂದೇ ಸಲ ಚೀರಿದಳು. ಕೀವು ಹರಿಯಿತು. ಅದರ ಹಿಂದೆ, ಚಿಮಟದ ತುದಿಯಲ್ಲಿ, ಭತ್ತದ ಕಾಳಿನಷ್ಟು ಬಿದಿರು ಬಂತು.

ಅಷ್ಟು ದೊಡ್ಡ ಸಂಕಟಕ್ಕೆ ಅಷ್ಟೇ ಅಷ್ಟು ಬಿದಿರು!

ಗಾಯಕ್ಕೆ ಬೇಕಾದ ಸೊಪ್ಪು ಹೊಳೆಯಾಚೆಯ ಗುಡ್ಡದಲ್ಲಿ. ಮಗಳನ್ನ ಬಿಟ್ಟು ಹೋಗೋದು ಹೇಗೆ? ಪುಟ್ಟೀರಮ್ಮ ಬೊಗಸೆಯಲ್ಲಿ ಅರಿಶಿನದಕ್ಕಿ ಹಿಡಿದು ಬಾಗಿಲಿಗೆ ಬಂದಳು, ಗುಡ್ಡದ ಕಡೆ ಮುಖ ಮಾಡಿದಳು. "ನಿಮ್ಮೋನು ಈಚೆಗೆ ಬಂದ. ಇನ್ನು ನೀವು ಬತ್ತೀರೇನವ್ವ?" ಅಂದಳು. ಅಂದು, ಹೊಸ್ತಿಲ ಮೇಲೆ ಕೂತಳು.

ಮೊದಲು ಬೂದಿ ಅಲುಗಿತಂತೆ. ಆ ಕರೀ ನೆಲ ಅಲ್ಲಲ್ಲಿ ಬಿರಿಯಿತು. ಬಿರುಕಿನಿಂದ ತುಂಬೆ ತಲೆ ಎತ್ತಿತು, ಎತ್ತಿದ್ದೇ ಬಿಳೀ ಹೂವಾಯಿತು. ಜಗಲಿ ಪಕ್ಕ ಅರಿಶಿನ ಎಲೆ ಬಿಚ್ಚಿತು. ಬಾವಿ ಕಟ್ಟೆಗೆ ಲಕ್ಕಿ ಬಂತು. ಅಂಗಳದ ನಡುವೆ ಬೇವು ಮಂಡಿಯೆತ್ತರ, ಸೊಂಟದೆತ್ತರ, ಸೂರಿನೆತ್ತರ ಬೆಳೆಯಿತು. ಅದನ್ನ ತಬ್ಬಿಕೊಂಡು ಅಮೃತಬಳ್ಳಿ ಮೇಲೇರಿತು. ಬತ್ತೀವಿ ಅಂದಿದ್ದವು, ಬಂದವು. ಕರಿಸಿದ್ದ ಚಿಮಟ ಹಿಡಿದವನು ಹಾಗೇ ಬಾಯಿ ಬಿಟ್ಟು ನಿಂತ, ಕಣ್ಣಲ್ಲಿ ನೀರು ಇಳೀತಿತ್ತು. ಬೇವಿನ ಒಂದು ಕಡ್ಡಿ ತಾನಾಗೇ ಕಳಚಿ ಪುಟ್ಟೀರಮ್ಮನ ಮಡಿಲಿಗೆ ಬಿತ್ತು.

ಕುದಿಸಿದ ಬೇವಿನ ನೀರಲ್ಲಿ ಗಾಯ ತೊಳೆದರು, ಅರಿಶಿನ ಕಟ್ಟಿದರು, ಕಷಾಯ ಕುಡಿಸಿದರು, ತೆಳ್ಳಗೆ ಗಂಜಿ ಉಣಿಸಿದರು. ಅಣ್ಣ ದಿನಾ ಗಾಯ ಬಿಚ್ಚಿ ನೋಡೋನು, ತಂಗಿ ದಿನಾ ಸೊಪ್ಪು ಕೇಳಿ ತರೋಳು. ಈ ಸಲ ಇಳಿದ ಜ್ವರ ಏರಲಿಲ್ಲ, ಇಳಿದ ಊತ ಬರಲಿಲ್ಲ. ಗಾಯ ಮಾಯಿತು. ಕರಿಸಿದ್ದನ ಕಣ್ಣೆದುರಿಗೇ, ಅವನು ಕೊಯ್ದ ಗಾಯ ಮಾಯಿತು. ಕೆಂಪಿ ಅದೇ ಅಂಗಳದಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡಿದಳು, ಸೋದರಮಾವನನ್ನೂ ಕುಂಟಿಸಿದಳು.

ಊರಿಗೆ ಹೊರಡೋ ದಿನ ಪುಟ್ಟೀರಮ್ಮ ಆ ಬಿದಿರ ಮೊನೆಯನ್ನ ಸೆರಗಿಗೆ ಕಟ್ಟಿಕೊಂಡಳು, ಮೆಳೆಗೇ ಒಪ್ಪಿಸಬೇಕು ಅಂತ. ಅರ್ಧ ಹಸುಬೆ ಎತ್ತಿ ಕಂಕುಳಿಗೆ ಇಟ್ಟುಕೊಳ್ಳೋಕೆ ಹೋದಳು.

"ತಾ ಇಲ್ಲಿ" ಅಂದ ಅಣ್ಣ.

ಒಳಗಿಂದ ತನ್ನ ಅರ್ಧ ತಂದ. ಗಾಯ ಹೊಲಿಯೋ ಸೂಜಿಗೆ ಕತ್ತಾಳೆ ನಾರು ಪೋಣಿಸಿದ. ಮೈ ಹೊಲಿದಷ್ಟೇ ಜೋಪಾನವಾಗಿ ಚೀಲ ಹೊಲಿದ. ಗಂಟು ಹಾಕಿ, ತಂಗಿಯ ಹೆಗಲ ಮೇಲೆ ಇಟ್ಟ.

ಹಸುಬೆ ಜಾರಲಿಲ್ಲ.

"ನಿನ್ನ ಕತ್ತಿಯೂ ಇದರೊಳಗೇ ಅದೆಯಲ್ಲಣ್ಣ?" ಅಂದಳು.

"ಅದಕ್ಕೇ ನಾನೂ ಬತ್ತಾ ಇವ್ನಿ, ನಡಿ" ಅಂದನಂತೆ.

ಅವತ್ತಿನಿಂದ ಹೊಳೆಯ ಆಚೆ ಈಚೆ ಯಾರು ನರಳಿದರೂ ಇಬ್ಬರೂ ಹೋಗೋರು, ಒಂದೇ ಚೀಲ ಹೊತ್ತು ಹೋಗೋರು. ಹೋದವರು ಮೊದಲು ಚೀಲಕ್ಕೆ ಕೈ ಹಾಕ್ತಿರಲಿಲ್ಲ. ಕೇಳಿ, ಕೂತು, ಕಾಯ್ತಿದ್ದರಂತೆ.

ಹಸುಬೆ ಅವರ ಹೆಗಲಿಗೆ, ಹಸಿರು ಅವರ ಅಂಗಳಕ್ಕೆ, ಕತೆ ನಿಮ್ಮ ಮಡಿಲಿಗೆ, ನಿದ್ದೆ ನನ್ನ ಕಣ್ಣಿಗೆ.