ಓಲೆದಿಬ್ಬಕ್ಕೆ ಆ ಹೆಸರು ಬಂದ ಬಗೆ

ನನ್ನ ಅಕ್ಷರ ನೆಟ್ಟಗಿಲ್ಲ. ಓದಿದ್ದು ಮೂರನೆಯ ತರಗತಿಯವರೆಗೆ ಮಾತ್ರ. ಹೀಗೆ ಬರೆಯಲು ಕುಳಿತದ್ದು ಇದೇ ಮೊದಲು. ಪದಗಳು ಒರಟಾಗಿ ಕಂಡರೆ ಅದು ನನ್ನ ಕೊರತೆಯೆಂದು ತಿಳಿಯಬೇಕು. ನಮ್ಮ ಅತ್ತೆಯವರು ಹೇಳಿದ್ದನ್ನು ನೆನಪಿದ್ದಷ್ಟು ಬರೆದಿದ್ದೇನೆ.

ನಮ್ಮ ಸೊಂಡೇಹಾಳಿನ ಕೆರೆಯ ಏರಿ ಮುಗಿಯುವಲ್ಲಿ ಆಳೆತ್ತರದ ದಿಬ್ಬವೊಂದಿದೆ. ಅದರಲ್ಲಿ ಮಣ್ಣಿಗಿಂತ ಮಡಕೆಯ ಚೂರುಗಳೇ ಹೆಚ್ಚು. ಅದನ್ನು ಓಲೆದಿಬ್ಬ ಎನ್ನುತ್ತಾರೆ. ಮನೆಯಲ್ಲಿ ಸಾವಾದರೆ ಹನ್ನೊಂದನೆಯ ದಿನ ತಾಮ್ರ ಹಿತ್ತಾಳೆಯನ್ನು ಹುಣಸೆಹಣ್ಣು ಹಚ್ಚಿ ತೊಳೆದು ಒಳಗಿಡುವುದು, ಮಣ್ಣಿನ ಪಾತ್ರೆಗಳನ್ನೆಲ್ಲ ಇಲ್ಲಿ ತಂದು ಒಡೆಯುವುದು ನಮ್ಮ ಪದ್ಧತಿ. ಮಣ್ಣಿಗೆ ಅಂಟಿದ ಸೂತಕ ತೊಳೆದರೆ ಹೋಗದು ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಊರಿನಲ್ಲಿ ಕುಂಬಾರರ ಕೊಟ್ರವ್ವ ಎಂಬಾಕೆ ಇದ್ದಳು. ಹಸಿ ಮಡಕೆಯ ಮೈಗೆ ಹೊಂಗೆಯ ಎಲೆಯನ್ನೋ ಹುಲ್ಲಿನ ತೆನೆಯನ್ನೋ ಒತ್ತಿ ಆವಿಗೆಯಲ್ಲಿಟ್ಟು ಸುಡುತ್ತಿದ್ದಳು. ಎಲೆ ಸುಟ್ಟುಹೋಗಿ ಅದರ ನರಗಳ ಗುರುತು ಮಾತ್ರ ಉಳಿಯುತ್ತಿತ್ತು. ಮಿಕ್ಕ ಮಣ್ಣಿನಲ್ಲಿ ಜಾಲಿಬೀಜದಂಥ ಮಣಿ, ತಂಗಡಿ ಹೂವಿನಂಥ ಕಿವಿಯೋಲೆ ಮಾಡುತ್ತಿದ್ದಳು. ತಾಯಿಯಿಲ್ಲದ ಹಂಪವ್ವ ಎಂಬ ಹುಡುಗಿಗೆ ಚಿನ್ನದ ಓಲೆ ಒದಗದೆ, ಕೊಟ್ರವ್ವನ ಮಣ್ಣಿನ ಓಲೆಯನ್ನೇ ಇಟ್ಟು ಧಾರೆಯೆರೆದರು. ವರ್ಷ ತುಂಬುವುದರೊಳಗೆ ಅವಳ ಮಾವ ತೀರಿಕೊಂಡ.

ಹನ್ನೊಂದನೆಯ ದಿನ ಮಡಕೆಗಳೆಲ್ಲ ದಿಬ್ಬಕ್ಕೆ ಬಂದವು. ಆಗ ಒಬ್ಬ ಹಿರಿಯನ ಕಣ್ಣು ಹಂಪವ್ವನ ಕಿವಿಯ ಮೇಲೆ ಬಿತ್ತು. ಅದೂ ಸುಟ್ಟ ಮಣ್ಣೇ, ಅದನ್ನೂ ಒಡೆಯಬೇಕು ಎಂದ. ಗಂಡ ಬದುಕಿರುವಾಗ ಮುತ್ತೈದೆ ಓಲೆ ತೆಗೆದರೆ ಅವನ ಆಯುಷ್ಯಕ್ಕೇ ಕುತ್ತು ಎಂದು ಇನ್ನೊಬ್ಬ ತಡೆದ. ತೆಗೆದರೆ ಮಗನಿಗೆ ಕೇಡು, ತೆಗೆಯದಿದ್ದರೆ ಮನೆಗೆ ಸೂತಕ. ಹಂಪವ್ವ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ನಿಂತಳು. ಯಾರಿಗೂ ದಾರಿ ತೋಚದೆ ಕೊಟ್ರವ್ವನನ್ನು ಕರೆಸಿ, ಇದು ಪಾತ್ರೆಯೋ ಒಡವೆಯೋ ಎಂದು ಕೇಳಿದರು.

ಅವಳಿಗೂ ಗೊಂದಲವೇ ಆಯಿತು. "ತಿಗರಿ ಮ್ಯಾಲೆ ತಿರುಗಿಸಿಲ್ಲ, ಅದಕ ಪಾತ್ರೆ ಅನ್ನಾಕ ಬರಂಗಿಲ್ಲ. ಆದ್ರ ಗಡಿಗಿ ಜೋಡಿ ಒಂದ ಆವಿಗ್ಯಾಗ ಬೆಂದೈತಿ. ನನಗ ತಿಳೀವಲ್ದು, ಯಪ್ಪಾ" ಎಂದಳು.

"ಮಾಡಿದಾಕಿಗೇ ತಿಳೀಲಿಲ್ಲಂದ್ರ ಮಣ್ಣು ಹೊತ್ತ ನಿನ್ನ ಕತ್ತೆನ್ನ ಕೇಳೂಣೇನು?" ಎಂದು ಹಿರಿಯ ಹಂಗಿಸಿದ.

ಅಷ್ಟರಲ್ಲಿ ಹಂಪವ್ವನ ಅತ್ತೆ ಸಂಕ್ರವ್ವ ಎದ್ದು ಬಂದಳು. ಹಿಂದಿನ ದಿನವಷ್ಟೇ ಅವಳ ಓಲೆ ತೆಗೆದಿದ್ದರು. "ನಿನ್ನೆ ನನ್ನ ಕಿವಿ ಬರಿದಾತು. ಒಂದ ಮನ್ಯಾಗ ಇಬ್ಬರ ಕಿವಿ ಬರಿದಾಗೂದು ಬ್ಯಾಡ. ಸೂತಕ ಇದ್ರ ನನಗ ಇರಲಿ" ಎಂದಳು. ಸೊಸೆಯಿಂದ ಕೆರೆಯ ನೀರು ತರಿಸಿ, ಅವಳ ಬೊಗಸೆಯಿಂದಲೇ ಎಲ್ಲರೆದುರು ಕುಡಿದಳು. ಹಿರಿಯರು ಏನೂ ತೀರ್ಮಾನಿಸದೆ ಮನೆಗಳಿಗೆ ಮರಳಿದರು. ಹಂಪವ್ವನ ಗಂಡ ಮೊಮ್ಮಕ್ಕಳನ್ನು ಕಾಣುವವರೆಗೂ ಬದುಕಿದನಂತೆ. ಆ ಓಲೆ ಪಾತ್ರೆಯೋ ಒಡವೆಯೋ ಎಂಬುದು ನನಗೆ ಇಂದಿಗೂ ತಿಳಿಯದು.

ಹೆಸರು ಕೇಳಿ ಬಂದವರು ಕಡ್ಡಿಯಿಂದ ದಿಬ್ಬವನ್ನು ಕೆದಕುತ್ತಾರೆ. ಎಲೆಯ ಗುರುತಿರುವ ಚೂರುಗಳು ಸಿಗುತ್ತವೆ. ಓಲೆ ಮಾತ್ರ ಒಂದೂ ಸಿಕ್ಕಿಲ್ಲ. ಇಲ್ಲಿ ಯಾರೂ ಓಲೆ ಒಡೆಯಲಿಲ್ಲವೆಂದೇ ಈ ಹೆಸರು ಬಂತು ಎನ್ನುತ್ತಾರೆ.

ಬರೆದುದರಲ್ಲಿ ತಪ್ಪಿದ್ದರೆ ಓದಿದವರು ದಯವಿಟ್ಟು ಕ್ಷಮಿಸಬೇಕು.