ಚಾವಟಿ ಬಿಟ್ಟು ಕರೆಯಿರಿ

ಕುದುರೆಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಆದರೆ ಮನುಷ್ಯರನ್ನು ಅಳೆಯುವುದರಲ್ಲಿ ನಮ್ಮ ತಾಲೂಕಿನಲ್ಲಿ ನನ್ನಂಥವನಿಲ್ಲ. ನಾನು ಕುದುರೆ ಮರಿ ಕೊಂಡ ಸುದ್ದಿ ಕೇಳಿ, ಕುದುರೆ ಪಳಗಿಸುವ ಬಸಲಿಂಗಪ್ಪ ತನ್ನ ಕೆಂಪು ಕುದುರೆ ಏರಿ, ಚಾವಟಿ ಹಿಡಿದು ಬಂದ.

"ಮರಿ ನನ್ನ ಲಾಯಕ್ಕ ಬಿಡು ತಮ್ಮಾ. ಏಟು ಬಿದ್ದರೇ ಕುದುರೆ ಕಲಿಯೋದು. ಕಲಿಯೋತನಕ ನೀ ನೋಡಾಕ ಬರಬ್ಯಾಡ," ಎಂದ.

ನೋಡಬಾರದು ಎಂದದ್ದೇ ನನಗೆ ಸಂಶಯ ಹುಟ್ಟಿಸಿತು. ಮರಿಯಂತೂ ಚಾವಟಿ ಕಂಡು ಆಗಲೇ ನನ್ನ ಬೆನ್ನ ಹಿಂದೆ ಸರಿದಿತ್ತು.

"ಆಗಲಿ ಅಣ್ಣಾರ. ಮೊದಲು ನಿಮ್ಮ ಕುದುರೆ ಏನು ಕಲಿತೈತಿ ನೋಡೋಣು. ಚಾವಟಿ ನನ್ನ ಕೈಗೆ ಕೊಟ್ಟು, ಕುದುರೀನ ಹೊಲಕ್ಕ ಬಿಟ್ಟು ಕರೀರಿ."

ನಗುತ್ತಲೇ ಚಾವಟಿ ಕೊಟ್ಟ, ಲಗಾಮು ಬಿಚ್ಚಿದ, ಕರೆದ. ಕುದುರೆ ಅವನ ಬರಿಗೈಯನ್ನೊಮ್ಮೆ ನೋಡಿ ಹೊಲದ ಆಚೆ ತುದಿಗೆ ಓಡಿತು. ಅವನು ಬೆನ್ನಟ್ಟಿದಷ್ಟೂ ದೂರ ಹೋಯಿತು.

ನಾನು ಚಾವಟಿ ಎಸೆದು, ಮರಿಗೆಂದು ನೆನೆಸಿಟ್ಟಿದ್ದ ಹುರಳಿಯ ಬುಟ್ಟಿ ಹಿಡಿದು ಬದುವಿನ ಮೇಲೆ ಕೂತೆ. ಕೆಂಪು ಕುದುರೆ ತಾನಾಗಿಯೇ ಬಂದು ಬುಟ್ಟಿಗೆ ಮೂತಿ ಇಟ್ಟಿತು.

ಬಸಲಿಂಗಪ್ಪ ಏದುಸಿರು ಬಿಡುತ್ತ ಬಂದ. "ಗಟ್ಟಿಯಾಗಿ ಹಿಡಕೋ ತಮ್ಮಾ, ಏರಿ ಮನಿಗೆ ಹೋಗ್ತೀನಿ."

"ಇಲ್ಲೇ ಬಿಟ್ಟು ಹೋಗ್ರಿ ಅಣ್ಣಾರ," ಅಂದೆ. "ಕಲಿಯೋತನಕ ನೋಡಾಕ ಬರಬ್ಯಾಡ್ರಿ."