ಹೊತ್ತಿರುವಾಗಲೇ ಉಂಡ ರಾಣಿ

ದೀಪದ ಕುಡಿ ಸರಿಮಾಡಿ, ಮನಸ್ಸನ್ನು ಅಡುಗೆಮನೆಯಿಂದ ಇತ್ತ ಕರೆದುಕೊಂಡು ಕೇಳಿರಮ್ಮ. ಇದು ಎರಡೆಲೆಯಮ್ಮನ ವ್ರತದ ಕಥೆ. ಅರ್ಧ ಕೇಳಿ ಎದ್ದವರಿಗೆ ಅರ್ಧವೇ ಫಲ, ಆಮೇಲೆ ನನ್ನನ್ನು ದೂರಬೇಡಿ.

ಪೂರ್ವದಲ್ಲಿ ಘಟ್ಟದ ಮೇಲಿನ ಹೊಂಬಳಿಗೆಯೆಂಬ ಪಟ್ಟಣವನ್ನು ಬಮ್ಮರಸನೆಂಬ ಶಿವಭಕ್ತನು ಆಳುತ್ತಿದ್ದನು. ಘಟ್ಟದ ಕೆಳಗೆ ಕಡಲ ಸೀಮೆಯಲ್ಲಿ ಜೈನ ಅರಸುಮನೆಯೊಂದಿತ್ತು. ಎರಡು ನಾಡಿಗೂ ಮೂರು ತಲೆಮಾರಿನಿಂದ ಕಾದಾಟವಿರಲಾಗಿ, ಹಿರಿಯರು ಕೂಡಿ ರಾಜಿ ಮಾಡಿ, ಕಡಲ ಸೀಮೆಯ ಮಗಳು ಜಕ್ಕಲೆಯನ್ನು ಬಮ್ಮರಸನಿಗೆ ಧಾರೆಯೆರೆದು ಕೊಟ್ಟರು. ಅಂತರಪಟ ಸರಿದ ಕ್ಷಣವೇ ಇಬ್ಬರ ಮನಸ್ಸೂ ಕೂಡಿತು, ಊಟ ಮಾತ್ರ ಕೂಡಲಿಲ್ಲ. ಜಕ್ಕಲೆಯ ತವರಿನಲ್ಲಿ ಹೊತ್ತು ಮುಳುಗಿದ ಮೇಲೆ ಒಂದಗುಳನ್ನೂ ಬಾಯಿಗಿಡುವವರಲ್ಲ. ಬಮ್ಮರಸನೋ ಹಗಲೆಲ್ಲ ಹಣ್ಣು ನೀರಿನಲ್ಲಿದ್ದು, ದೀಪ ಹಚ್ಚಿದ ಮೇಲೆ ಶಿವಪೂಜೆ ಮುಗಿಸಿ ಒಂದೇ ಹೊತ್ತು ಉಣ್ಣುವವನು. ಹೀಗಾಗಿ ಗಂಡಹೆಂಡಿರು ಒಂದು ದಿನವೂ ಜೊತೆಗೆ ಕೂತು ಉಣ್ಣಲಿಲ್ಲ.

ಪಲ್ಲಕ್ಕಿ ಹತ್ತಿಸುವಾಗ ತಾಯಿಯು ಮಗಳಿಗೊಂದು ವ್ರತ ಹೇಳಿಕೊಟ್ಟಿದ್ದಳು. ಶ್ರಾವಣ ಮೊದಲ್ಗೊಂಡು ಒಂಬತ್ತು ಶುಕ್ರವಾರ ಎರಡು ಎಲೆ ಹಾಕಿ, ಎರಡಕ್ಕೂ ಬಡಿಸಿ, ಬಾಗಿಲು ತೆರೆದಿಟ್ಟು, ಬಂದವರನ್ನು ಕೂರಿಸಿಕೊಂಡು ಉಣ್ಣಬೇಕು. ಯಾರೂ ಬಾರದಿದ್ದರೆ ಆ ಎಲೆಗೆ ಎರಡೆಲೆಯಮ್ಮ ತಾಯಿಯೇ ಬಂದು ಕೂರುವಳು. ಆ ತಾಯಿಯನ್ನು ಘಟ್ಟದ ಕೆಳಗಿನವರು ಯಕ್ಷಿಯೆಂದರು, ಮೇಲಿನವರು ಗೌರಿಯೆಂದರು. ಅವಳು ಎರಡಕ್ಕೂ ಓಗೊಡುತ್ತಿದ್ದಳು.

ಜಕ್ಕಲೆ ಮೊದಲ ಶುಕ್ರವಾರ ಎರಡು ಎಲೆ ಹಾಕಲಾಗಿ, ಅರಮನೆಯ ಹೆಂಗಸರು ಬಾಗಿಲಲ್ಲಿ ನಿಂತು, ಹೊಸ ರಾಣಿಗೆ ಇಬ್ಬರ ಹಸಿವೆಂದು ಮುಸಿಮುಸಿ ನಕ್ಕರು. ಅರಸುಮಗಳಲ್ಲವೇ, ಅಭಿಮಾನ ಕೆರಳಿತು. ಬಾಗಿಲು ಹಾಕಿ, ಒಂದೇ ಎಲೆಯಲ್ಲಿ ಒಬ್ಬಳೇ ಉಂಡು, ವ್ರತವನ್ನು ಅಲ್ಲಿಗೇ ಬಿಟ್ಟಳು. ಎರಡೆಲೆಯಮ್ಮ ಮುಖ ತಿರುಗಿಸಿದಳು.

ಅರಸನ ಮಲತಾಯಿ ಹೊನ್ನಾದೇವಿಗೆ ತನ್ನ ತಮ್ಮನ ಮಗಳನ್ನು ಪಟ್ಟಕ್ಕೆ ಕೂರಿಸುವ ಆಸೆಯಿತ್ತು. ಗಂಡನಿಗಿಂತ ಮುಂಚೆ ಉಣ್ಣುವವಳು ಗಂಡನ ಆಯುಸ್ಸನ್ನೇ ಉಣ್ಣುತ್ತಾಳೆಂದು ಆಕೆ ಹೇಳಿದಾಗ ಬಮ್ಮರಸನು ನಕ್ಕುಬಿಟ್ಟನು. ಅದೇ ತಿಂಗಳು ಜ್ವರ ಬಂದು ಮಲಗಲು, ಎರಡನೆಯ ಸಲ ನಗಲಿಲ್ಲ. ಜಕ್ಕಲೆಯನ್ನು ಕೆರೆಯಾಚೆಯ ಒಂಟಿಮನೆಗೆ ಕಳುಹಿಸಿದರು. ಜ್ವರವೂ ಇಳಿಯಿತು. ಅಲ್ಲಿಗೆ ಹೊನ್ನಾದೇವಿಯ ಮಾತಿಗೆ ಸಾಕ್ಷಿ ಸಿಕ್ಕಂತಾಯಿತು.

ಒಂಟಿಮನೆಯಲ್ಲಿ ಜಕ್ಕಲೆಗೆ ಮಾತಾಡುವವರಿಲ್ಲ. ಹೊನ್ನಾದೇವಿಯ ದಾಸಿ ಸಾಮಾನು ಇಟ್ಟು, ಕಣ್ಣೆತ್ತದೆ ಹೋಗುವಳು. ತಾನೇ ಬೇಯಿಸಿ, ತಾನೇ ಬಡಿಸಿಕೊಂಡು, ಎಷ್ಟೋ ಸಂಜೆ ಉಣ್ಣದೆಯೇ ಎಲೆ ಮಡಚಿಟ್ಟಳು. ತನ್ನ ದನಿಯೇ ಹೇಗಿತ್ತೆಂದು ಮರೆತುಹೋಗುವುದೋ ಎಂದು ಅಂಜಿದಳು. ಹೀಗೆ ವರ್ಷ ಕಳೆಯಲಾಗಿ, ಬರುವ ವಿಜಯದಶಮಿಗೆ ಅವಳನ್ನು ತವರಿಗಟ್ಟಿ, ಹೊನ್ನಾದೇವಿಯ ತಮ್ಮನ ಮಗಳನ್ನು ತರುವರೆಂಬ ಸುದ್ದಿ ಬಂತು. ಹಾಗೆ ಕಳುಹಿಸಿದರೆ ಎರಡು ನಾಡಿಗೂ ಮತ್ತೆ ಕತ್ತಿಯೇ ಗತಿ. ಆದರೆ ಸುಳ್ಳೇಕೆ ಹೇಳಲಿ, ಜಕ್ಕಲೆ ಅತ್ತದ್ದು ನಾಡಿಗಾಗಿ ಅಲ್ಲ, ಗಂಡನಿಗಾಗಿ.

ಆಗ ಶ್ರಾವಣ ಬಂದಿತ್ತು. ಬಿಟ್ಟ ವ್ರತ ನೆನಪಾಗಿ, ಜಕ್ಕಲೆ ಬಾಗಿಲು ತೆರೆದು ಎರಡು ಎಲೆ ಹಾಕಿದಳು. ಎಂಟು ಶುಕ್ರವಾರ ಯಾರೂ ಬರಲಿಲ್ಲ. ಅವಳು ಖಾಲಿ ಮಣೆಯ ಮುಂದಿನ ಎಲೆಗೆ ಬಡಿಸಿ, ಅದರೊಡನೆಯೇ ಮಾತಾಡುತ್ತ ಉಂಡು, ಆ ಎಲೆಯದನ್ನು ಹಸುವಿಗಿಟ್ಟಳು. ದಾಸಿ ಎರಡು ಎಲೆ ಕಂಡು ಹೋಗಿ ಹೇಳಲು, ಹೊನ್ನಾದೇವಿಯು ಬಮ್ಮರಸನ ಕಿವಿಯಲ್ಲಿ, ನಿನ್ನ ರಾಣಿ ಸಂಜೆ ಸಂಜೆಗೆ ಯಾರಿಗೋ ಬಡಿಸುತ್ತಾಳೆಂದು ಊದಿದಳು.

ಒಂಬತ್ತನೆಯ ಶುಕ್ರವಾರ ಬಮ್ಮರಸನು ಹಿರಿದ ಕತ್ತಿಯೊಡನೆ ಒಬ್ಬನೇ ಬಂದನು. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಹೆಂಡತಿಯ ದನಿ ಕೇಳಿತು. "ತೊವ್ವೆಗೆ ಉಪ್ಪು ಒಂದಿಷ್ಟು ಮುಂದಾಗಿದೆ, ಬೇಸರಿಸಬೇಡಿ. ಜ್ವರ ಪೂರ್ತಿ ಇಳಿಯಿತೇ? ನನಗೆ ಯಾರೂ ಹೇಳುವುದಿಲ್ಲ." ಇಣುಕಿದರೆ ಎದುರಿನ ಮಣೆಯಲ್ಲಿ ಯಾರೂ ಇಲ್ಲ.

ಅವನು ಹೊಸ್ತಿಲಲ್ಲೇ ನಿಂತು, "ಇದು ಯಾರ ಎಲೆ?" ಎಂದನು.

"ಬಂದವರದು" ಎಂದಳು ಜಕ್ಕಲೆ. "ಇವತ್ತು ನೀವು ಬಂದಿರಿ."

ಬಮ್ಮರಸನು ಕತ್ತಿಯನ್ನು ಹೊರಗಿಟ್ಟು, ಕೈಕಾಲು ತೊಳೆದು, ಮಣೆಯ ಮೇಲೆ ಕೂತನು. ಆದರೆ ಪೂಜೆಯಾಗಿಲ್ಲ, ಅವನು ಉಣ್ಣುವಂತಿಲ್ಲ. ಪೂಜೆ ಮುಗಿಯುವಷ್ಟರಲ್ಲಿ ಹೊತ್ತು ಮುಳುಗುವುದು, ಅವಳು ಉಣ್ಣುವಂತಿಲ್ಲ. ಜಕ್ಕಲೆ ತನ್ನ ಎಲೆಯನ್ನು ಹಿಂದಕ್ಕೆ ಸರಿಸಿ, ನೀವು ಪೂಜೆ ಮಾಡಿ ಉಣ್ಣಿ, ನಾನು ಹಸಿದೇ ಜೊತೆಗೆ ಕೂರುತ್ತೇನೆಂದಳು. ಅವಳು ಆಡಿದಂತೆಯೇ ನಡೆದುಕೊಂಡಳು. ಬಮ್ಮರಸನಿಗೆ ಅಂದಿನ ತುತ್ತು ಕಣ್ಣೀರಿನೊಡನೆ ಇಳಿಯಿತು.

ಮರುದಿನವೇ ಅವನು ಜಕ್ಕಲೆಯನ್ನು ಅರಮನೆಗೆ ಕರೆತಂದು, ಪೂಜೆಯನ್ನು ಎಂದಿಗಿಂತ ಮುಂಚೆ ತೊಡಗಿ, ಹೊತ್ತಿರುವಾಗಲೇ ಮಂಗಳಾರತಿ ಮಾಡಿ, ಹೆಂಡತಿಯ ಎದುರಿಗೆ ಉಣ್ಣಲು ಕೂತನು. ಶಿವನು ಬೇಡವೆನ್ನಲಿಲ್ಲ. ಹೊನ್ನಾದೇವಿಯನ್ನು ಊರುಬಿಡಿಸಲು ಹೊರಟಾಗ ಜಕ್ಕಲೆ ತಡೆದು, ಗಂಡ ಹೋದಂದಿನಿಂದ ಆಕೆಯೂ ಒಬ್ಬಳೇ ಉಂಡವಳೆಂದು, ಕರೆಸಿ ಎಲೆ ಹಾಕಿದಳು. ಹೊನ್ನಾದೇವಿ ತಲೆ ಎತ್ತಲಿಲ್ಲ, ಹೊಟ್ಟೆ ತುಂಬ ಉಂಡಳು. ಎರಡು ನಾಡೂ ತಣ್ಣಗಿದ್ದು, ಜಕ್ಕಲೆ ಮಕ್ಕಳು ಮೊಮ್ಮಕ್ಕಳನ್ನು ಕಂಡಳು.

ಈ ಕಥೆಯನ್ನು ಹೇಳಿದವರಿಗೂ ಕೇಳಿದವರಿಗೂ, ಕೇಳುತ್ತ ತೂಕಡಿಸಿದವರಿಗೂ ಜಕ್ಕಲೆಗೆ ಒಲಿದ ತಾಯಿ ಒಲಿಯಲಿ. ಅಗಲಿದವರು ಮನೆಗೆ ಬರಲಿ, ಒಂಟಿಯಾಗಿ ಉಣ್ಣುವವರ ಎದುರಿಗೆ ಒಬ್ಬರು ಬಂದು ಕೂರಲಿ. ಏಳಿರಮ್ಮ, ಎಲೆ ಹಾಕಿ. ಬಾಗಿಲು ತೆರೆದಿಡಿ.